ಅಂಬಾಸಿಡರ್ರೋ ಫಿಯಟ್ಟೋ, ಘಾಟಿಗೆ ಯಾವ್ದು ವಾಸಿ?

ಹಳೇ ಗಾಡಿ ತಗೋಬೇಕು ಅಂತ ಗ್ಯಾರೇಜಿಗೆ ಬರೋರೆಲ್ಲ ಒಂದೇ ಮಾತು ಕಲ್ತು ಬಂದಿರ್ತಾರೆ, ಅಂಬಾಸಿಡರ್ ಅಂದ್ರೆ ಎಮ್ಮೆ, ಫಿಯಟ್ ಅಂದ್ರೆ ಜಿಂಕೆ ಅಂತ. ಅರ್ಧ ನಿಜ.

ಫಿಯಟ್ಟಿಗೆ ಆಮೇಲೆ ಪ್ರೀಮಿಯರ್ ಪದ್ಮಿನಿ ಅಂತ ಹೆಸರಾಯ್ತು, ನಮ್ ಕಡೆ ಹಾಗೆ ಕರೆಯೋರು ಕಮ್ಮಿ. ಅದರ ಇಂಜಿನ್ 1089 ಸಿಸಿ, ಬೋರ್ (ಸಿಲಿಂಡರಿನ ಅಗಲ) 68 ಎಂಎಂ, ಸ್ಟ್ರೋಕ್ (ಪಿಸ್ಟನ್ ಓಡಾಡೋ ಉದ್ದ) 75. ಅಂಬಾಸಿಡರಿನ ಹಳೇ ಪೆಟ್ರೋಲ್ ಇಂಜಿನ್ 1489 ಸಿಸಿ, ಬೋರ್ 73, ಸ್ಟ್ರೋಕ್ ಹತ್ರ ಹತ್ರ 89. ಪಿಸ್ಟನ್ ಅಷ್ಟುದ್ದ ಓಡಾಡೋದ್ರಿಂದ ಅದಕ್ಕೆ ಕಮ್ಮಿ ಸ್ಪೀಡಲ್ಲೇ ಎಳೆತ ಜಾಸ್ತಿ, ಆರು ಜನ ಕೂತು ಡಿಕ್ಕಿ ತುಂಬ ಲಗೇಜ್ ಇಟ್ರೂ ಚಾರ್ಮಾಡಿ ಹತ್ತುತ್ತೆ, ಆದ್ರೆ ಬಯಲು ರಸ್ತೇಲಿ ಒತ್ತಿದ್ರೆ ಏದುಸಿರು ಬಿಡುತ್ತೆ. ಫಿಯಟ್ ಉಲ್ಟಾ, ಇಂಜಿನ್ ಕೂಗ್ತಾ ಇದ್ರೇ ಖುಷಿ. ಬೇಸಿಗೇಲಿ ಘಾಟಿ ಹತ್ತಿ ಕೊಟ್ಟಿಗೆಹಾರಕ್ಕೆ ಬರೋಷ್ಟರಲ್ಲಿ ಎಸಿ ಪಂಪ್, ಅಂದ್ರೆ ಇಂಜಿನ್ನಿಗೆ ಪೆಟ್ರೋಲ್ ಕಳಿಸೋ ಪಂಪು, ಕಾದು ಪೆಟ್ರೋಲ್ ಒಳಗೇ ಆವಿಯಾಗಿ ಗಾಡಿ ನಿಂತೋಗುತ್ತೆ. ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ, ನೀರು ದೋಸೆ ತಿಂದು ಬಂದ್ರೆ ಸ್ಟಾರ್ಟ್ ಆಗುತ್ತೆ. ನಾನು ಎಷ್ಟು ಸಲ ಹಾಗೆ ದೋಸೆ ತಿಂದಿದ್ದೀನೋ.

ಈಗ ಸ್ಟೇರಿಂಗ್ ವಿಷಯ, ಜನ ಎಡವೋದು ಇಲ್ಲೇ. ಡಿಸೈನ್ ನೋಡಿದ್ರೆ ಅಂಬಾಸಿಡರೇ ಮುಂದೆ, ಅದರದ್ದು ರ್‍ಯಾಕ್ ಅಂಡ್ ಪಿನಿಯನ್, ಅಂದ್ರೆ ಹಲ್ಲಿನ ಚಕ್ರ ಹಲ್ಲಿನ ಸರಳನ್ನ ಅತ್ತಿತ್ತ ತಳ್ಳೋದು, ಈಗಿನ ಕಾರುಗಳಲ್ಲಿ ಇರೋ ಅದೇ ತತ್ವ. ಫಿಯಟ್ಟಿಂದು ವರ್ಮ್ ಅಂಡ್ ರೋಲರ್ ಬಾಕ್ಸ್, ಸ್ಕ್ರೂ ಥರದ ವರ್ಮು ಒಂದು ರೋಲರನ್ನ ತಿರುಗಿಸುತ್ತೆ. ಆದ್ರೂ ಓಡಿಸಿದವರು ಫಿಯಟ್ಟೇ ಚುರುಕು ಅಂತಾರೆ, ಯಾಕಂದ್ರೆ ಗಾಡಿ ಹಗುರ, ಮೂತಿ ಹೇಳಿದ ಕಡೆ ತಿರುಗುತ್ತೆ. ಅಂಬಾಸಿಡರ್ ತಿರುವಿನಲ್ಲಿ ಮೊದಲು ವಾಲಿ ಆಮೇಲೆ ತಿರುಗುತ್ತೆ.

ಆದ್ರೆ ಇದು ಹೊಸದಾಗಿದ್ದಾಗಿನ ಕಥೆ. ಗಾಡಿ ಹೆಚ್ಚು ಹೊತ್ತು ನೆಟ್ಟಗೇ ಹೋಗೋದ್ರಿಂದ ಫಿಯಟ್ ಬಾಕ್ಸಿನ ವರ್ಮು ನಡುವಿನಲ್ಲಿ ಮಾತ್ರ ಸವೆದಿರುತ್ತೆ, ಎರಡು ಕೊನೇಲಿ ಸವೆದಿರಲ್ಲ. ಪ್ಲೇ (ಸ್ಟೇರಿಂಗಿನ ಸಡಿಲ) ಜಾಸ್ತಿ ಆಯ್ತು ಅಂತ ಯಾರೋ ಬಾಕ್ಸಿನ ಮೇಲಿನ ಸ್ಕ್ರೂ ಬಿಗಿ ಮಾಡಿರ್ತಾರೆ, ನೆಟ್ಟಗೆ ಹೋಗುವಾಗ ಸೂಪರ್ ಅನ್ಸುತ್ತೆ, ಹೇರ್‌ಪಿನ್‌ನಲ್ಲಿ ಪೂರ್ತಿ ತಿರುಗಿಸಿದಾಗ ಹಿಡ್ಕೊಂಡು ಬಿಡುತ್ತೆ, ಸ್ಟೇರಿಂಗ್ ತಾನಾಗಿ ವಾಪಸ್ ಬರಲ್ಲ. ಹಾಗಾಗಿ ಟ್ರಯಲ್ ನೋಡುವಾಗ ನೇರ ರಸ್ತೇಲಿ ಓಡಿಸಿ ಮೋಸ ಹೋಗ್ಬೇಡಿ, ಖಾಲಿ ಮೈದಾನದಲ್ಲಿ ಎರಡೂ ಕಡೆ ಫುಲ್ ಲಾಕ್ ಮಾಡಿ, ಅಂದ್ರೆ ಸ್ಟೇರಿಂಗ್ ಕೊನೇವರೆಗೂ ತಿರುಗಿಸಿ ನೋಡಿ.

ಇನ್ನೊಂದು, ಮುಂದಿನ ಚಕ್ರ ಜಾಕ್ ಮೇಲೆ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡ್ಸಿ. ಟಕ್ ಟಕ್ ಅಂದ್ರೆ ಫಿಯಟ್ಟಿನಲ್ಲಿ ಕಿಂಗ್‌ಪಿನ್, ಅಂಬಾಸಿಡರಿನಲ್ಲಿ ಟ್ರನಿಯನ್ (ಎರಡೂ ಮುಂದಿನ ಚಕ್ರ ತಿರುಗೋ ಕೀಲಿನ ಭಾಗಗಳು) ಹೋಗಿದೆ ಅಂತ ಲೆಕ್ಕ, ವೀಲ್ ಬೇರಿಂಗ್ ಲೂಸ್ ಇದ್ರೂ ಹಾಗೇ ಅನ್ಸುತ್ತೆ, ಅದನ್ನ ಮೊದಲು ನೋಡ್ಕೊಳ್ಳಿ. ಎಡ ಬಲ ಹಿಡಿದಾಗ ಅಲ್ಲಾಡಿದ್ರೆ ಟೈರಾಡ್ ಎಂಡ್, ಅಂದ್ರೆ ಸ್ಟೇರಿಂಗಿನ ಸರಳು ಚಕ್ರಕ್ಕೆ ಸೇರೋ ಕೀಲು, ಸವೆದಿದೆ. ಗ್ರೀಸ್ ಹೊಡಿಸದೇ ವರ್ಷಗಟ್ಟಲೆ ಓಡ್ಸಿರ್ತಾರೆ, ಆಮೇಲೆ ಅಂಬಾಸಿಡರ್ ದೋಣಿ ಥರ ತೂಗುತ್ತೆ ಅಂತ ಕಂಪ್ಲೇಂಟು.

ಬ್ರೇಕ್ ಬಗ್ಗೆ ಹೇಳೋಕೆ ಹೆಚ್ಚಿಲ್ಲ, ಹಳೇ ಮಾಡೆಲ್ ಎರಡರಲ್ಲೂ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕೇ, ಕಾದ್ರೆ ಹಿಡಿತ ಕಮ್ಮಿ, ಹಾಗಾಗಿ ಇಳಿಜಾರಲ್ಲಿ ಸೆಕೆಂಡ್ ಗೇರಲ್ಲೇ ಇಳೀಬೇಕು.

ಹೋದ ತಿಂಗಳು ಹುಡುಗನೊಬ್ಬ ಅವರಜ್ಜನ ಅಂಬಾಸಿಡರ್ ತಂದು, ಇದನ್ನ ಮಾರಿ ಫಿಯಟ್ ತಗೋತೀನಿ ಸಾರ್, ಇದು ರೋಡಲ್ಲಿ ನಿಲ್ಲಲ್ಲ ಅಂದ. ಟ್ರನಿಯನ್ನು, ಹಿಂದಿನ ಪಟ್ಟೆಯ (ಲೀಫ್ ಸ್ಪ್ರಿಂಗ್) ಬುಷ್ಷು ಬದಲಾಯಿಸಿ ಕಳಿಸ್ದೆ. ಫಿಯಟ್ ಕೇಳ್ಕೊಂಡು ಇನ್ನೂ ಬಂದಿಲ್ಲ.