ಸೀಟು ನಾಲ್ಕು ಸೆಂಟಿಮೀಟರ್ ಕೆಳಗಿತ್ತು

ಕಳೆದ ಡಿಸೆಂಬರಿನ ಒಂದು ಸಂಜೆ, ಕ್ಲಿನಿಕ್ಕಿನ ಬಾಗಿಲು ಹಾಕುವ ಹೊತ್ತಿಗೆ ಬದಿಯಡ್ಕ ಕಡೆಯ ಒಬ್ಬರು ಮಾಸ್ತರು ಬಂದರು. ವಯಸ್ಸು ನಲವತ್ತು ದಾಟಿದೆ. ಎಡ ಮೊಣಗಂಟಿನ ಚಿಪ್ಪಿನ ಸುತ್ತ ನೋವು, ಮೆಟ್ಟಿಲು ಇಳಿಯುವಾಗ ಜಾಸ್ತಿ. "ಡಾಕ್ಟ್ರೇ, ಮೂರು ವಾರದಲ್ಲಿ ಸೈಕಲ್ ರೈಡ್ ಇದೆ. ಎಂತಾದ್ರೂ ಟೇಪ್ ಹಾಕಿ ಕೊಡಿ. ಹೇಗಾದ್ರೂ ಮುಗಿಸ್ತೇನೆ" ಅಂದರು. (ನಾನು ಫಿಸಿಯೋ. ಆದರೂ ಕಾಸರಗೋಡಿನಲ್ಲಿ ಬಿಳಿ ಕೋಟು ಹಾಕಿದವರೆಲ್ಲ ಡಾಕ್ಟ್ರೇ.)

ಸ್ವಲ್ಪ ದಿನ ವಿಶ್ರಾಂತಿ ಬೇಕು ಅನ್ನುವಷ್ಟರಲ್ಲಿ ಅವರು ಫೋನ್ ತೆಗೆದು ಒಂದು ಪಟ್ಟಿ ತೋರಿಸಿದರು. ಸವಾರಿಯ ಹೆಸರಲ್ಲಿ ಮಕ್ಕಳ ಸಹಾಯಕ್ಕೆ ದುಡ್ಡು ಕೊಟ್ಟವರ ಹೆಸರುಗಳು. ಶಾಲೆಯ ಟೀಚರುಗಳು, ಹಳೇ ವಿದ್ಯಾರ್ಥಿಗಳು, ಅಡಿಕೆ ಅಂಗಡಿಯವರು, ಗಲ್ಫಿನಲ್ಲಿರುವ ಭಾವ. "ಇವರಿಗೆಲ್ಲ ಎಂತ ಹೇಳ್ಲಿ?"

ರೇಸ್ ಓಡಿಸುವ ಹುಡುಗರಿಗಿಂತ ಇಂಥವರೇ ನನಗೆ ಕಷ್ಟದ ರೋಗಿಗಳು. ರೇಸಿನವನಿಗೆ ತನ್ನ ಕಾಲೇ ಬಂಡವಾಳ. ನೋವು ಬಂದರೆ ಹೇಳುತ್ತಾನೆ, ಬೇಕಾದರೆ ಅರ್ಧದಲ್ಲಿ ಬಿಟ್ಟು ಬರುತ್ತಾನೆ. ಸಹಾಯಾರ್ಥ ಸವಾರಿಗೆ ಹೊರಟವರು ಹಾಗಲ್ಲ. ದುಡ್ಡು ತೆಗೆದುಕೊಂಡ ಮೇಲೆ ಸಾಲ ಮಾಡಿದ ಹಾಗೆ ಅನಿಸುತ್ತದೆ ಅವರಿಗೆ. ನೋವನ್ನು ಹೆಂಡತಿಯಿಂದಲೂ ಮುಚ್ಚಿಡುತ್ತಾರೆ. ಹಾಗಾಗಿ ತಯಾರಿ ಬಗ್ಗೆ ಯಾರು ಕೇಳಿದರೂ ನಾನು ಮೊದಲು ಹೇಳುವುದು ದುಡ್ಡಿನ ಮಾತು. ಕಿಲೋಮೀಟರಿಗೆ ಇಷ್ಟು ಅಂತ ಎತ್ತಬೇಡಿ. ಇಡೀ ಮೊತ್ತ ಮೊದಲೇ ತೆಗೆದುಕೊಳ್ಳಿ. "ನಾನು ಅರ್ಧದಾರಿಯಲ್ಲೇ ನಿಂತರೂ ದುಡ್ಡು ಮಕ್ಕಳಿಗೇ ಹೋಗುತ್ತದೆ" ಅಂತ ಆವತ್ತೇ ಹೇಳಿಬಿಡಿ. ಇಷ್ಟು ಮಾಡಿದರೆ ಅರ್ಧ ಮೊಣಗಂಟು ಉಳಿಯುತ್ತದೆ.

ಮಾಸ್ತರು ಹೊರಟಿದ್ದ ಸವಾರಿ ಕಾಸರಗೋಡಿನಿಂದ ಮೈಸೂರಿಗೆ. ಎರಡು ದಿನ, ಸುಮಾರು 220 ಕಿಲೋಮೀಟರ್. ದುಡ್ಡು ಎಂಡೋಸಲ್ಫಾನ್ ಅನ್ನುವ ಕೀಟನಾಶಕದಿಂದ ಸಂತ್ರಸ್ತರಾದ ಮಕ್ಕಳ ಗಾಲಿಕುರ್ಚಿಗೆ. ಮಕ್ಕಳು ಅಂತ ನಾವು ಈಗಲೂ ಹೇಳುತ್ತೇವೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಆ ಔಷಧಿ ಬಿಡುವುದು ನಿಂತದ್ದು 2000ದ ಕೊನೆಗೆ. ಆಗ ತೊಟ್ಟಿಲಲ್ಲಿದ್ದವರಿಗೆ ಈಗ ಇಪ್ಪತ್ತೈದು ದಾಟಿತು. ಕೆಲವರನ್ನು ಎತ್ತಿ ಕೂರಿಸುವುದು ಇಂದಿಗೂ ಅಮ್ಮನೇ.

ದಾರಿ ಚೆರ್ಕಳ, ಬೋವಿಕ್ಕಾನ, ಮುಳ್ಳೇರಿಯ, ಆದೂರು, ಜಾಲ್ಸೂರು, ಸುಳ್ಯ, ಸಂಪಾಜೆ, ಮಡಿಕೇರಿ. ನಮ್ಮ ಚಂದ್ರಗಿರಿ ಹೊಳೆ ಇಳಿದು ಬರುವ ಕಡೆಗೇ ನಾವು ಹತ್ತಿ ಹೋಗುವುದು. ಸುಳ್ಯದಲ್ಲಿ ಅದೇ ಹೊಳೆಗೆ ಪಯಸ್ವಿನಿ ಅಂತ ಹೆಸರು. ಕಷ್ಟ ಎಲ್ಲ ಮೊದಲ ದಿನದ ಕೊನೆಗೆ. ಎಪ್ಪತ್ತು-ಎಂಬತ್ತು ಕಿಲೋಮೀಟರ್ ತುಳಿದು ಸುಸ್ತಾದ ಮೇಲೆ ಸಂಪಾಜೆಯಲ್ಲಿ ಘಾಟಿ ಶುರು. ಅಲ್ಲಿಂದ ಮಡಿಕೇರಿಗೆ ಇಪ್ಪತ್ತೈದು ಕಿಲೋಮೀಟರಿಗೂ ಜಾಸ್ತಿ. ಮಡಿಕೇರಿ ಇರುವುದು ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿ.

ಮೊಣಗಂಟಿಗೆ ಕೈ ಹಾಕುವ ಮೊದಲು "ಸೈಕಲ್ ಎಲ್ಲಿದೆ?" ಅಂತ ಕೇಳಿದೆ. ಹೊರಗೆ ಗೋಡೆಗೆ ಒರಗಿಸಿಟ್ಟಿದ್ದರು. ಒಳಗೆ ತರಿಸಿ ಹತ್ತಿ ಕೂರಲು ಹೇಳಿದೆ. ಕೂತರು. ಎರಡೂ ಪಾದ ನೆಲಕ್ಕೆ ಚಪ್ಪಟೆಯಾಗಿ ತಾಗಿದವು. ಕಾಯಿಲೆ ಅಲ್ಲೇ ಸಿಕ್ಕಿತು.

ಸಣ್ಣವರಿದ್ದಾಗ ಬೀಳಬಾರದು ಅಂತ ಹಾಗೆ ಕಲಿಸುತ್ತಾರೆ. ಅದೇ ಅಭ್ಯಾಸ ಕೊನೆತನಕ. ಸೀಟು ಕೆಳಗಿದ್ದರೆ ಪೆಡಲ್ ಮೇಲೆ ಬಂದಾಗ ಮೊಣಗಂಟು ಜಾಸ್ತಿ ಮಡಚುತ್ತದೆ. ಮಡಚಿದಷ್ಟೂ ತೊಡೆಯ ಮುಂದಿನ ಸ್ನಾಯು ಚಿಪ್ಪನ್ನು ಹಿಂದಿನ ಎಲುಬಿಗೆ ಒತ್ತಿ ಹಿಡಿಯುತ್ತದೆ. ನಿಮಿಷಕ್ಕೆ ಎಂಬತ್ತು ಸಲ ತುಳಿದರೆ ಗಂಟೆಗೆ 4,800 ಸಲ. ಅಂಗಡಿಗೆ ಹೋಗಿ ಹಾಲು ತರುವುದಕ್ಕೆ ಅದೇ ಸೀಟು ಸಾಕು. ಎಂಟು ಗಂಟೆಯ ಸವಾರಿಗೆ ಸಾಲದು.

ಸರಿಯಾದ ಎತ್ತರ ನೋಡಲು ಮಿಷನ್ ಬೇಡ. ಗೋಡೆ ಹಿಡಿದು ಸೀಟಲ್ಲಿ ಕೂರಿ. ಪೆಡಲನ್ನು ಪೂರ್ತಿ ಕೆಳಗೆ ತಂದು ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೇರ ಆಗಬೇಕು, ಸೊಂಟ ಒಂದು ಬದಿಗೆ ವಾಲಬಾರದು. ಆಮೇಲೆ ಪಾದದ ಮುಂಭಾಗ ಪೆಡಲ್ ಮೇಲೆ ಇಟ್ಟರೆ ಮೊಣಗಂಟು 25ರಿಂದ 35 ಡಿಗ್ರಿ ತಾನಾಗಿಯೇ ಮಡಚಿರುತ್ತದೆ. ಅಷ್ಟೇ. ಚಿಪ್ಪಿನ ಮುಂದೆ ನೋವಾದರೆ ಹೆಚ್ಚಾಗಿ ಸೀಟು ತಗ್ಗು. ಮೊಣಗಂಟಿನ ಹಿಂದೆ ಎಳೆದ ಹಾಗಾದರೆ ಸೀಟು ಎತ್ತರ. ಮಾಸ್ತರದ್ದು ಸರಿಯಾಗಿ ನಾಲ್ಕು ಸೆಂಟಿಮೀಟರ್ ತಗ್ಗಿತ್ತು. ಒಂದೇ ಸಲ ಏರಿಸಲಿಲ್ಲ. ಎರಡೆರಡು ದಿನಕ್ಕೆ ಒಂದು ಸೆಂಟಿಮೀಟರಿನಂತೆ ಏರಿಸಿದೆವು. ನಿಲ್ಲಿಸುವಾಗ ಸೀಟಿನಿಂದ ಮುಂದೆ ಇಳಿದು ಒಂದು ಕಾಲು ಊರುವುದನ್ನು ಮಾತ್ರ ಹೊಸದಾಗಿ ಕಲಿಯಬೇಕಾಯಿತು.

ಎಲ್ಲರೂ ಕಾಲಿಗೆ ಬಲ ಬರಿಸುವ ಯೋಚನೆಯಲ್ಲಿರುತ್ತಾರೆ. ನಿಜವಾಗಿ ಕೈಕೊಡುವುದು ಅಂಗೈ, ಕುತ್ತಿಗೆ, ಕೂರುವ ಜಾಗ, ಹೊಟ್ಟೆ. ನೂರು ಕಿಲೋಮೀಟರ್ ಕಳೆದು ಬಂದವರಲ್ಲಿ ಕಿರುಬೆರಳು, ಉಂಗುರದ ಬೆರಳು ಮರಗಟ್ಟಿದೆ ಅನ್ನುವವರು ಬಹಳ. ಅಂಗೈಯ ಹೊರ ಅಂಚಿನಲ್ಲಿ ಹಾದುಹೋಗುವ ನರ ಹ್ಯಾಂಡಲಿಗೆ ಒತ್ತಿ ಹಾಗಾಗುವುದು. ಮೊಣಕೈ ಸ್ವಲ್ಪ ಮಡಚಿರಲಿ, ಹತ್ತು ನಿಮಿಷಕ್ಕೊಮ್ಮೆ ಹಿಡಿತ ಬದಲಿಸಿ. ಮೈಭಾರವೆಲ್ಲ ಕೈ ಮೇಲೆ ಬೀಳುತ್ತಿದ್ದರೆ ಸೀಟಿನ ಮೂಗು ಕೆಳಗೆ ಬಾಗಿದೆಯಾ ನೋಡಿ.

ಕೂರುವ ಜಾಗದ ಹುಣ್ಣಿನ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ, ನಾಚಿಕೆ. ಒತ್ತಡ, ಉಜ್ಜಾಟ, ಬೆವರು, ಈ ಮೂರೂ ಸೇರಿದರೆ ಚರ್ಮ ಸೋಲುತ್ತದೆ. ಗಾಲಿಕುರ್ಚಿಯ ಮಕ್ಕಳಿಗೆ ಆಗುವ ಹುಣ್ಣಿನ ಹಿಂದೆಯೂ ಇರುವುದು ಇವೇ. ಅವರ ಮನೆಗಳಿಗೆ ಹೋದಾಗ ನಾನು ಅಮ್ಮಂದಿರಿಗೆ ಕಲಿಸುವ ಮೊದಲ ಕೆಲಸ, ಹದಿನೈದು-ಇಪ್ಪತ್ತು ನಿಮಿಷಕ್ಕೊಮ್ಮೆ ಮಗುವನ್ನು ಸ್ವಲ್ಪ ಎತ್ತಿ ಅಥವಾ ವಾಲಿಸಿ ಭಾರ ತಪ್ಪಿಸುವುದು. ಆ ಮಗುವಿಗೆ ತಾನಾಗಿ ಏಳಲು ಆಗುವುದಿಲ್ಲ. ನಿಮಗೆ ಆಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ನಿಂತು ಹದಿನೈದು-ಇಪ್ಪತ್ತು ಸೆಕೆಂಡು ತುಳಿಯಿರಿ. ಪ್ಯಾಡ್ ಇರುವ ಚಡ್ಡಿ ಹಾಕಿ, ಅದರೊಳಗೆ ಬೇರೆ ಚಡ್ಡಿ ಬೇಡ. ಅದರ ಹೊಲಿಗೆಯೇ ಕೊಯ್ಯುವುದು. ಇಳಿದ ಕೂಡಲೇ ಬಟ್ಟೆ ಬದಲಿಸಿ, ಒದ್ದೆಯಲ್ಲಿ ಕೂತು ಚಹಾ ಕುಡಿಯಬೇಡಿ. ದಪ್ಪ ಜೆಲ್ ಸೀಟ್ ಕೊಂಡರೆ ಸುಖ ಅಂದುಕೊಂಡವರು ಮೂರನೇ ಗಂಟೆಗೆ ಬೈದುಕೊಳ್ಳುತ್ತಾರೆ. ಮೆತ್ತನೆಯದು ಒಳಗೆ ಕುಸಿದು, ಒತ್ತಬಾರದ ಜಾಗಕ್ಕೆ ಒತ್ತುತ್ತದೆ. ತೊಡೆಸಂದಿಯಲ್ಲಿ ಮರಗಟ್ಟಿದ ಹಾಗಾದರೆ ಇಳಿದುಬಿಡಿ. ಅದು ತಡೆದುಕೊಳ್ಳುವ ವಿಷಯವಲ್ಲ.

ಇಷ್ಟಕ್ಕೂ ಈ ಜಾಗಗಳಿಗೆ ಅಭ್ಯಾಸ ಆಗುವುದು ಸೀಟಲ್ಲಿ ಕಳೆದ ಗಂಟೆಗಳಿಂದ ಮಾತ್ರ. ವೇಗದಿಂದ ಅಲ್ಲ. ಹಾಗಾಗಿ ಹನ್ನೆರಡು ವಾರ ಬೇಕು ಅನ್ನುತ್ತೇನೆ. ವಾರದ ಮಧ್ಯೆ ಎರಡು ದಿನ ಒಂದೊಂದು ಗಂಟೆ, ಭಾನುವಾರ ಉದ್ದ ಸವಾರಿ. ಮೊದಲ ಭಾನುವಾರ 30 ಕಿಲೋಮೀಟರ್ ಸಾಕು, ಆಮೇಲೆ 40, 50. ನಾಲ್ಕನೇ ವಾರ ಬೇಕಂತಲೇ 35ಕ್ಕೆ ಇಳಿಸಿ. ಮೈ ಗಟ್ಟಿಯಾಗುವುದು ವಿಶ್ರಾಂತಿಯಲ್ಲಿ, ತುಳಿಯುವಾಗ ಅಲ್ಲ. ಹೀಗೇ ಏರಿಸಿ ಇಳಿಸಿ ಒಂಬತ್ತು-ಹತ್ತನೇ ವಾರಕ್ಕೆ 80 ಮುಟ್ಟಿದರೆ ನೂರರ ದಿನ ದಾಟಬಹುದು. ನೂರನ್ನೇ ಮೊದಲು ಮಾಡಿ ನೋಡಬೇಕಿಲ್ಲ. ಅದಕ್ಕಿಂತ ಒಂದು ಸಲ ಶನಿವಾರ 50, ಮರುದಿನ 60 ಮಾಡಿ. ನೊಂದ ಮೈ ಇಟ್ಟುಕೊಂಡು ಪುನಃ ಸೀಟಿಗೆ ಹತ್ತುವುದು ಹೇಗಿರುತ್ತದೆ ಅಂತ ಗೊತ್ತಾಗಲಿ. ಕೊನೆಯ ವಾರ ಬರೀ ಕಾಲಾಡಿಸಿದರೆ ಸಾಕು. ತುಳಿಯುತ್ತಾ ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಅದೇ ಸರಿಯಾದ ವೇಗ. ಬೇಕಾದರೆ ಅಡಿಕೆ ರೇಟಿನ ಬಗ್ಗೆಯೇ ಮಾತಾಡಿ.

ಮೊದಲ ವಾರಗಳಿಗೆ ಕುಂಬಳೆ, ಉಪ್ಪಳ ಕಡೆಯ ಸಪಾಟು ರಸ್ತೆ ಒಳ್ಳೆಯದು. ಸರ್ವೀಸ್ ರೋಡಲ್ಲೇ ಇರಿ, ಹಿಂದೆ ಕೆಂಪು ಲೈಟು ಇರಲಿ. ಆಮೇಲೆ ಒಳನಾಡಿಗೆ ಬನ್ನಿ. ಚೆರ್ಕಳದಿಂದ ಬದಿಯಡ್ಕ, ಪೆರ್ಲ, ಅಡ್ಕಸ್ಥಳ. ಗುಡ್ಡ ಹತ್ತು, ಬಯಲಿಗೆ ಇಳಿ, ಪುನಃ ಹತ್ತು. ಸಮ ಅನ್ನುವುದೇ ಇಲ್ಲ. ಘಾಟಿಯ ತಾಲೀಮಿಗೆ ಪಣತ್ತಡಿಯಿಂದ ರಾಣಿಪುರ ಇದೆ, ಎತ್ತರ 750 ಮೀಟರ್. ಸಂಪಾಜೆಗಿಂತ ಕಡಿದು, ಆದರೆ ಗಿಡ್ಡ. ಅಲ್ಲಿ ಹಗುರ ಗೇರಲ್ಲಿ ಕೂತೇ ಹತ್ತಲು ಕಲಿತರೆ ಸಂಪಾಜೆಯಲ್ಲಿ ಉಸಿರು ಉಳಿಯುತ್ತದೆ. ಸಂಪಾಜೆ ಘಾಟಿ ನಮ್ಮಂಥವರಿಗೆ ಮೂರು ಗಂಟೆ. ಒಮ್ಮೆ ಅದನ್ನು ಒಪ್ಪಿಕೊಂಡರೆ ಅವಸರ ಇರುವುದಿಲ್ಲ.

ಹೊಟ್ಟೆಗೂ ತಾಲೀಮು ಬೇಕು. ಮೊದಲ ಗಂಟೆ ಕಳೆದ ಮೇಲೆ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆ ಒಳಗೆ ಹೋಗುತ್ತಿರಬೇಕು. ಸಾಧಾರಣ ಗಾತ್ರದ ಬಾಳೆಹಣ್ಣಲ್ಲಿ ಸುಮಾರು 25 ಗ್ರಾಂ ಇರುತ್ತದೆ, ನೇಂದ್ರದಲ್ಲಿ ಇನ್ನೂ ಜಾಸ್ತಿ. ಹಸಿವಾದ ಮೇಲೆ ತಿಂದರೆ ತಡವಾಯಿತು. ಭಾನುವಾರಗಳಲ್ಲಿ ತಿಂದು ನೋಡದ್ದನ್ನು ಸವಾರಿಯ ದಿನ ತಿನ್ನಬೇಡಿ. ಸುಳ್ಯದಲ್ಲಿ ಪರೋಟ ಕಂಡು ಇಳಿದವರು ಘಾಟಿಯ ಮೂರನೇ ತಿರುವಿನಲ್ಲಿ ಅದನ್ನು ನೆನೆಸಿಕೊಳ್ಳುತ್ತಾರೆ.

ನಮ್ಮ ಕರಾವಳಿಯಲ್ಲಿ ಗಾಳಿಯೇ ಒದ್ದೆ. ಬೆವರು ಆರುವುದಿಲ್ಲ, ತೊಟ್ಟಿಕ್ಕುತ್ತದೆ. ಆರಿದರೆ ತಾನೇ ಮೈ ತಂಪಾಗುವುದು? ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು, ಗುಟುಕು ಗುಟುಕಾಗಿ. ಸುಮ್ನೆ ಬರೀ ನೀರನ್ನೇ ಸುರಿದುಕೊಂಡರೆ ರಕ್ತದ ಉಪ್ಪಿನಂಶ ಇಳಿದು ತಲೆ ತಿರುಗಿ ವಾಂತಿಯಾಗುತ್ತದೆ. ಕೆಲವೊಮ್ಮೆ ಅದಕ್ಕಿಂತ ಗಂಭೀರವೂ ಆಗಬಹುದು. ಒಆರ್‌ಎಸ್ ದೊಡ್ಡ ಪೊಟ್ಟಣ ಒಂದು ಲೀಟರಿಗೆ. ಅದನ್ನು ಅರ್ಧ ಲೀಟರ್ ಬಾಟಲಿಗೆ ಹಾಕಿ ಅಲ್ಲಾಡಿಸುವವರನ್ನು ಪ್ರತಿ ವರ್ಷ ನೋಡುತ್ತೇನೆ. ಬೊಂಡ (ಎಳನೀರು) ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ, ಬೆವರಲ್ಲಿ ಹೋಗುವ ಸೋಡಿಯಂ ಕಮ್ಮಿ. ಜೊತೆಗೆ ಚಿಟಿಕೆ ಉಪ್ಪು ಬೇಕು. ಬೆಳಗ್ಗೆ ಕುಚ್ಚಲಕ್ಕಿ ಗಂಜಿಗೆ ಉಪ್ಪಿನಕಾಯಿ ನೆಂಚಿಕೊಂಡು ಹೊರಟವರು ಅರ್ಧ ಕೆಲಸ ಮಾಡಿಕೊಂಡೇ ಬಂದಿರುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ನಾನು ಜಗಳಕ್ಕೂ ತಯಾರು. ನೋವಿನ ಮಾತ್ರೆ ನುಂಗಿ ಸೈಕಲ್ ಹತ್ತಬೇಡಿ. ಬೆವರಿ ಒಣಗಿದ ಮೈಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ಮಾತ್ರೆ ಮೂತ್ರಪಿಂಡಕ್ಕೆ ಹೊರೆ. ನೋವು ಅಡಗಿದ ಕಾರಣಕ್ಕೆ ಪೆಟ್ಟು ಗೊತ್ತಾಗುವುದೂ ಇಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ಬಿಪಿ ಇರುವವರು, ಹತ್ತುವಾಗ ಎದೆ ಹಿಡಿದ ಅನುಭವ ಇರುವವರು ಹನ್ನೆರಡು ವಾರ ಶುರುವಾಗುವ ಮೊದಲೇ ವೈದ್ಯರನ್ನು ನೋಡಿ. ಸವಾರಿಯ ಹಿಂದಿನ ದಿನ ಅಲ್ಲ.

ಮಾಸ್ತರಿಗೆ ಹತ್ತು ದಿನ ಸೈಕಲ್ ಕಮ್ಮಿ ಮಾಡಿಸಿದೆ. ಅವರ ಮನೆ ಜಗಲಿಯ ಮೆಟ್ಟಿಲಲ್ಲೇ ನಿಧಾನ ಹತ್ತಿ ಇಳಿಯುವ ವ್ಯಾಯಾಮ, ಮಲಗಿ ಸೊಂಟ ಎತ್ತುವುದು, ಅಷ್ಟೇ. ನೋವು ಪೂರ್ತಿ ಹೋಗಲಿಲ್ಲ. ಅರ್ಧಕ್ಕೆ ಇಳಿಯಿತು. ಪಟ್ಟಿಯಲ್ಲಿದ್ದ ಎಲ್ಲರಿಗೂ ಒಂದು ಮೆಸೇಜ್ ಹಾಕಿದರು, ಪೂರ್ತಿ ಆಗದೆಯೂ ಇರಬಹುದು ಅಂತ. ಭಾವ ತಿರುಗಿ ಬರೆದದ್ದು ಇಷ್ಟೇ: "ನೀನು ಆಟೋದಲ್ಲಿ ಹೋಗು ಮಾರಾಯ, ದುಡ್ಡು ಕಳಿಸಿ ಆಯ್ತು."

ಸವಾರಿಯ ಬೆಳಗ್ಗೆ ಐದಕ್ಕೆ ಚೆರ್ಕಳದಲ್ಲಿ ಸಿಕ್ಕಿದರು. ಹಿಂದಿನ ರಾತ್ರಿ ಸೈಕಲುಗಳನ್ನೆಲ್ಲ ಪಿಕಪ್ಪಿನಲ್ಲಿ ತಂದಿದ್ದರು. ತುಂಬುವಾಗ ಯಾರೋ ಜಾಗ ಸಾಲದೆ ಅವರ ಸೀಟನ್ನು ಕೆಳಗೆ ದೂಡಿದ್ದರು. ಪುಣ್ಯಕ್ಕೆ ಸೀಟಿನ ಕೊಳವೆಗೆ ಕಪ್ಪು ಇನ್ಸುಲೇಶನ್ ಟೇಪ್ ಸುತ್ತಿ ಗುರುತು ಮಾಡಿಸಿದ್ದೆ. ಮೊಬೈಲ್ ಟಾರ್ಚ್ ಹಿಡಿದು ಟೇಪಿನ ತನಕ ಎಳೆದು ಸ್ಕ್ರೂ ಬಿಗಿ ಮಾಡಿದೆವು. ನಿಮ್ಮದಕ್ಕೂ ಇವತ್ತೇ ಒಂದು ಸುತ್ತು ಟೇಪ್ ಹಾಕಿ.