ಕನ್ನ ಬೇರೆ, ಕಳವು ಬೇರೆ: ದುಬಾರಿ ಸೈಕಲ್‌ಗೆ ವಿಮೆ ಮಾಡಿಸುವ ಮುನ್ನ

‘ಮನೆ ಪಾಲಿಸಿಯೊಳಗ ಬರ್ಗ್ಲರಿ ಕವರ್ ಐತಿ, ಸೈಕಲ್ ಕಳುವಾದ್ರೂ ದುಡ್ಡು ಬರ್ತತಿ ಬಿಡ್ರಿ.’

ದಾವಣಗೆರೆಯಲ್ಲಿ ಲಕ್ಷ, ಎರಡು ಲಕ್ಷದ ಸೈಕಲ್ ಇಟ್ಟುಕೊಂಡವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಸವಾರರು ಹೇಳಿದರೆ ಹೋಗಲಿ ಅನ್ನಬಹುದು. ಪಾಲಿಸಿ ಮಾರುವವರೂ ಇದನ್ನೇ ಹೇಳಿ ಸಹಿ ಹಾಕಿಸಿಕೊಳ್ಳುತ್ತಿದ್ದಾರೆ. ಬರ್ಗ್ಲರಿ ಅಂದರೆ ಎಲ್ಲ ಕಳ್ಳತನವೂ ಅಲ್ಲ, ಕಳ್ಳತನದಲ್ಲಿ ಒಂದು ಬಗೆ ಮಾತ್ರ. ಸೈಕಲ್‌ಗಳು ಜಾಸ್ತಿ ಕಳುವಾಗುವುದು ಇನ್ನೊಂದು ಬಗೆಯಲ್ಲಿ.

ಬರ್ಗ್ಲರಿಗೆ ಕನ್ನಡದಲ್ಲಿ ಒಳ್ಳೆಯ ಪದವೇ ಇದೆ: ಕನ್ನ. ಕಳ್ಳ ಒಳಗೆ ನುಗ್ಗಲು ಗೋಡೆಗೆ ಕೊರೆದ ತೂತಿಗೆ ಕನ್ನ ಅಂತ ಹೆಸರು. ತೆಲುಗಿನ ಕನ್ನಂ ಇವತ್ತಿಗೂ ತೂತೇ. ತಮಿಳಿನಲ್ಲೂ ಈ ಪದ ಇದೆ, ಅಲ್ಲೂ ಅದು ಗೋಡೆ ಕೊರೆಯುವ ಕಳ್ಳನಿಗೇ ಸೇರಿದ್ದು. ಮಣ್ಣಿನ ಗೋಡೆಯ ಮನೆಯಲ್ಲಿ ದಪ್ಪ ಮರದ ಬಾಗಿಲು ಮುರಿಯುವುದಕ್ಕಿಂತ ಗೋಡೆ ಕೊರೆಯುವುದು ಸುಲಭವಾಗಿತ್ತು, ಹಾಗಾಗಿ ತೂತಿನ ಹೆಸರೇ ಕೆಲಸದ ಹೆಸರಾಗಿ ನಿಂತಿತು: ಕನ್ನ ಹಾಕು, ಕನ್ನ ಕೊರೆ, ಕನ್ನಗಳ್ಳ. ಈಗ ಗೋಡೆ ಕೊರೆಯುವವರು ಅಪರೂಪ, ಬಾಗಿಲ ಚಿಲಕ ಮೀಟುತ್ತಾರೆ, ಕಿಟಕಿ ಸರಳು ಬಗ್ಗಿಸುತ್ತಾರೆ. ಪದದ ಒಳಗಿನ ಅರ್ಥ ಮಾತ್ರ ಬದಲಾಗಿಲ್ಲ. ಮುಚ್ಚಿದ ಜಾಗ ಇರಬೇಕು, ಅದನ್ನು ಒಡೆದು ಒಳಗೆ ಹೋಗಿರಬೇಕು.

ಕಳವು ಹಾಗಲ್ಲ. ಅದು ಕಳ್ ಅನ್ನುವ ಹಳೆಯ ಧಾತುವಿನಿಂದ ಬಂದದ್ದು, ಕಳ್ಳ, ಕಳ್ಳತನ ಎಲ್ಲ ಅದರ ಮಕ್ಕಳೇ. ಆ ಪದದಲ್ಲಿ ಗೋಡೆಯೂ ಇಲ್ಲ, ಬಾಗಿಲೂ ಇಲ್ಲ. ನಿಮ್ಮ ವಸ್ತುವನ್ನು ನಿಮಗೆ ಹೇಳದೆ ಎತ್ತಿಕೊಂಡು ಹೋದರೆ ಸಾಕು, ಅದು ಕಳವು.

ನಮ್ಮ ಪೊಲೀಸರು ಈ ವ್ಯತ್ಯಾಸವನ್ನು ಚೆನ್ನಾಗಿ ಉಳಿಸಿಕೊಂಡಿದ್ದಾರೆ. ಅವರ ಪ್ರಕಟಣೆ ಓದಿ ನೋಡಿ. ಹಗಲು ಕನ್ನ ಕಳವು, ರಾತ್ರಿ ಕನ್ನ ಕಳವು, ಸಾಮಾನ್ಯ ಕಳವು ಅಂತ ಬೇರೆ ಬೇರೆಯಾಗಿಯೇ ಬರೆಯುತ್ತಾರೆ. ಅದೇ ಸುದ್ದಿಯಾಗಿ ಬರುವಾಗ ಎಲ್ಲ ಕಲಸಿಹೋಗಿ ‘ಸೈಕಲ್ ದರೋಡೆ’ ಆಗುತ್ತದೆ. ದರೋಡೆ ಆಗಬೇಕಾದರೆ ಕಾನೂನಿನ ಪ್ರಕಾರ ಐದು ಅಥವಾ ಅದಕ್ಕಿಂತ ಹೆಚ್ಚು ಜನ ಸೇರಿ ಮಾಡಿರಬೇಕು. ಒಬ್ಬನೇ ಬಂದು ಸೈಕಲ್ ತಳ್ಳಿಕೊಂಡು ಹೋದರೆ ಅದು ದರೋಡೆ ಹೇಗಾಗುತ್ತದೆ?

ಕಾನೂನಿನ ಪುಸ್ತಕದಲ್ಲೂ ಕನ್ನ ಕಾಣುತ್ತದೆ. 1860ರ ಭಾರತೀಯ ದಂಡ ಸಂಹಿತೆಯ 445ನೇ ಕಲಂ ಮನೆ ಒಡೆಯುವುದು ಅಂದರೆ ಏನು ಅಂತ ಹೇಳುತ್ತಿತ್ತು. ಅಲ್ಲಿ ಕೊಟ್ಟಿದ್ದ ಮೊದಲ ಉದಾಹರಣೆಯೇ ಗೋಡೆಗೆ ತೂತು ಕೊರೆದು ಕೈ ಒಳಗೆ ಹಾಕಿದವನದು. ಈಗ ಅದೇ ವಿಷಯ ಭಾರತೀಯ ನ್ಯಾಯ ಸಂಹಿತೆಯ 330ನೇ ಕಲಂನಲ್ಲಿದೆ. ಸಾಮಾನ್ಯ ಕಳವು 303ರಲ್ಲಿದೆ.

ಆದರೆ ಕಾನೂನಿನ ಕನ್ನ ಅಗಲ, ವಿಮಾ ಪಾಲಿಸಿಯ ಕನ್ನ ಕಿರಿದು. ಇಲ್ಲೇ ಜನ ಏಮಾರುವುದು. ಕಾನೂನಿನಲ್ಲಿ ಗೋಡೆ ಹತ್ತಿ ಒಳಗೆ ಇಳಿದರೂ ಮನೆ ಒಡೆದ ಹಾಗೆಯೇ, ಬೀಗ ತೆಗೆದು ಹೋದರೂ ಹಾಗೆಯೇ. ಪಾಲಿಸಿ ಅಷ್ಟಕ್ಕೆ ಒಪ್ಪುವುದಿಲ್ಲ. ಬಲವಂತದಿಂದ, ಹಿಂಸಾತ್ಮಕವಾಗಿ ಒಳಗೆ ನುಗ್ಗಿರಬೇಕು ಅಥವಾ ಹಾಗೆ ಹೊರಗೆ ಹೋಗಿರಬೇಕು ಅನ್ನುವುದು ಅದರ ಮಾತು. ಸುಪ್ರೀಂ ಕೋರ್ಟ್ 2004ರಲ್ಲಿ ಹರ್‌ಚಂದ್ ರಾಯ್ ಚಂದನ್ ಲಾಲ್ ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. ಪಾಲಿಸಿಯಲ್ಲಿ ಬಲಪ್ರಯೋಗ ಅಂತ ಬರೆದಿದ್ದರೆ ಬಲಪ್ರಯೋಗ ಆಗಿರಲೇಬೇಕು, ಬರೀ ಕಳುವಾದರೆ ಹಣ ಬರುವುದಿಲ್ಲ. 2016ರಲ್ಲಿ ಒಡಿಶಾದ ಒಂದು ಪ್ರಕರಣದಲ್ಲೂ ಅದೇ ನಿಲುವು. ನನಗೆ ಮುಖ್ಯ ಅನ್ನಿಸುವುದು 2004ರ ತೀರ್ಪಿನ ಕೊನೆಯ ಭಾಗ. ನಮ್ಮ ದೇಶದಲ್ಲಿ ಸಾಮಾನ್ಯ ಕಳವು ಇಷ್ಟೊಂದು ಇರುವಾಗ ವಿಮಾ ಕಂಪನಿಗಳು ಈ ಬಲಪ್ರಯೋಗದ ಷರತ್ತನ್ನು ಕೈಬಿಟ್ಟರೆ ಒಳ್ಳೆಯದು ಅಂತ ನ್ಯಾಯಾಲಯವೇ ಅಲ್ಲಿ ಹೇಳಿತ್ತು. ಅಷ್ಟು ವರ್ಷ ಆದರೂ ಆ ಷರತ್ತು ಎಷ್ಟೋ ಪಾಲಿಸಿಗಳಲ್ಲಿ ಹಾಗೇ ಕೂತಿದೆ. ಇದು ಸರಿಯಲ್ಲ. ಆದರೆ ಸರಿಯಾಗುವ ತನಕ ಓದಿಕೊಂಡು ಸಹಿ ಹಾಕಬೇಕಾದವರು ನಾವು.

ಈಗ ನಮ್ಮ ಊರಿನ ಸೈಕಲ್‌ಗಳಿಗೆ ಬರೋಣ.

ಬೆಳಗ್ಗೆ ಕೊಂಡಜ್ಜಿ ಕಡೆ ಹೋಗಿ ಬಂದು ಬೆಣ್ಣೆ ದೋಸೆ ಹೋಟೆಲ್ ಮುಂದೆ ಸೈಕಲ್ ಒರಗಿಸಿ ಒಳಗೆ ಕೂರುತ್ತೀರಿ. ಸೈಕಲ್‌ಗೆ ತೆಳ್ಳನೆಯ ವೈರ್ ಲಾಕ್ ಹಾಕಿರುತ್ತೀರಿ, ಅದನ್ನು ಕತ್ತರಿಸಲು ಒಂದು ಕಟಿಂಗ್ ಪ್ಲೇಯರ್ ಸಾಕು. ಹೊರಗೆ ಬರುವಷ್ಟರಲ್ಲಿ ಸೈಕಲ್ ಇಲ್ಲ. ಲಾಕ್ ಕತ್ತರಿಸಿದ್ದಾನಲ್ಲ, ಅದು ಬಲಪ್ರಯೋಗ ಅಲ್ವಾ ಅಂತ ಕೇಳಬಹುದು. ಬಲ ಬಿದ್ದದ್ದು ಲಾಕ್ ಮೇಲೆ, ಕಟ್ಟಡದ ಮೇಲಲ್ಲ. ಬೀದಿಯಲ್ಲಿ ನಿಂತ ಸೈಕಲ್‌ಗೆ ಗೋಡೆಯೇ ಇಲ್ಲದಿರುವಾಗ ಕನ್ನ ಎಲ್ಲಿಗೆ ಹಾಕುವುದು? ಇದು ಸಾಮಾನ್ಯ ಕಳವು, ಬರ್ಗ್ಲರಿ ಕವರ್ ಇದಕ್ಕೆ ಆಗುವುದಿಲ್ಲ.

ವಿದ್ಯಾನಗರದಲ್ಲೋ ಎಂಸಿಸಿ ಬಿ ಬ್ಲಾಕ್‌ನಲ್ಲೋ ಮನೆ ಕಾಂಪೌಂಡ್ ಒಳಗೆ, ಮೆಟ್ಟಿಲ ಕೆಳಗೆ ಸೈಕಲ್ ಇಟ್ಟಿದ್ದೀರಿ ಅನ್ನಿ. ಗೇಟಿಗೆ ಚಿಲಕ ಮಾತ್ರ. ರಾತ್ರಿ ಯಾರೋ ಗೇಟು ತೆಗೆದು ಒಯ್ದರು. ಪಾಲಿಸಿಯಲ್ಲಿ ಮನೆ ಅಂದರೆ ಯಾವುದು ಅಂತ ಬರೆದಿರುತ್ತದೆ, ಹೆಚ್ಚಿನ ಕಡೆ ಅದು ಕಟ್ಟಡ, ಅಂಗಳವಲ್ಲ. ಅಪಾರ್ಟ್‌ಮೆಂಟಿನ ಕೆಳಗಿನ ಪಾರ್ಕಿಂಗ್‌ನದೂ ಇದೇ ಕಥೆ. ಸೆಕ್ಯುರಿಟಿ ಇದ್ದಾರೆ, ಕ್ಯಾಮೆರಾ ಇದೆ ಅನ್ನುವುದು ಕಳ್ಳನನ್ನು ಹಿಡಿಯಲು ಉಪಯೋಗಕ್ಕೆ ಬರಬಹುದು, ಕ್ಲೇಮಿಗೆ ಬರುವುದು ಕಷ್ಟ.

ಹಾಲ್‌ನಲ್ಲಿ ಗೋಡೆಗೆ ನೇತುಹಾಕಿದ ಸೈಕಲ್, ಊರಿಗೆ ಹೋಗಿದ್ದಾಗ ಬಾಗಿಲ ಡಾಬು ಮುರಿದು ಒಯ್ದರು. ಇದು ಕನ್ನ. ಹಣ ಬರಬೇಕು, ಸೈಕಲ್ ಪಾಲಿಸಿಯಲ್ಲಿ ಸೇರಿದ್ದರೆ. ಅದೇ ಮನೆಗೆ ಬಂದುಹೋಗುವ ಪರಿಚಯದವರು ಬಾಗಿಲು ತೆರೆದಿದ್ದಾಗ ಒಯ್ದಿದ್ದರೆ ಅದು ಮತ್ತೆ ಕನ್ನವಲ್ಲ.

ಈ ಗೊಂದಲ ಎಲ್ಲಿಂದ ಬಂತು ಅಂತ ಯೋಚಿಸಿದರೆ ನನಗೆ ತೋಚುವುದು ಸ್ಕೂಟರಿನ ಪಾಲಿಸಿ. ಮೋಟಾರು ಪಾಲಿಸಿಯಲ್ಲಿ ಬರ್ಗ್ಲರಿ, ಹೌಸ್‌ಬ್ರೇಕಿಂಗ್ (ಮನೆ ಒಡೆಯುವುದು), ಥೆಫ್ಟ್ (ಕಳವು) ಮೂರೂ ಒಂದೇ ಸಾಲಿನಲ್ಲಿ ಬರುತ್ತವೆ. ಹಾಗಾಗಿ ರಸ್ತೆ ಬದಿ ನಿಲ್ಲಿಸಿದ ಬೈಕ್ ಕಳುವಾದರೂ ಅಲ್ಲಿ ದುಡ್ಡು ಬರುತ್ತದೆ. ಜನ ಮೂರೂ ಒಂದೇ ಅಂದುಕೊಂಡು ಅದೇ ನಂಬಿಕೆಯನ್ನು ಸೈಕಲ್‌ಗೂ ತರುತ್ತಾರೆ. ಸೈಕಲ್ 1988ರ ಮೋಟಾರು ವಾಹನ ಕಾಯ್ದೆಯ ಒಳಗೆ ಬರುವುದೇ ಇಲ್ಲ. ಅದಕ್ಕೆ ಆರ್‌ಸಿ ಇಲ್ಲ, ನಂಬರ್ ಪ್ಲೇಟ್ ಇಲ್ಲ, ಕಡ್ಡಾಯ ವಿಮೆಯೂ ಇಲ್ಲ. ಏನು ಬೇಕೋ ಅದನ್ನು ನಾವೇ ಹುಡುಕಿ, ಕೇಳಿ, ಬರೆಸಿಕೊಳ್ಳಬೇಕು.

ಇನ್ನೊಂದು ಮಾತು ಈ ಮನೆ ಪಾಲಿಸಿಯ ಬಗ್ಗೆಯೇ. 2021ರ ಏಪ್ರಿಲ್ 1ರಿಂದ ಭಾರತ್ ಗೃಹ ರಕ್ಷಾ ಅಂತ ಒಂದೇ ನಮೂನೆಯ ಪಾಲಿಸಿ ಬಂದಿದೆ. ಬೆಂಕಿ, ಭೂಕಂಪ, ನೆರೆ, ಗಲಭೆ ಇತ್ಯಾದಿಗೆ ಅದು ಒಳ್ಳೆಯದೇ. ಕಟ್ಟಡಕ್ಕೆ ಮಾಡಿಸಿದರೆ ಅದರ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಮನೆ ಸಾಮಾನಿಗೂ ತಾನಾಗಿ ಸಿಗುತ್ತದೆ. ಅದರಲ್ಲಿ ಥೆಫ್ಟ್ ಅನ್ನುವ ಪದವೂ ಇದೆ. ಆದರೆ ಯಾವ ಥೆಫ್ಟ್? ಆ ಬೆಂಕಿಯೋ ನೆರೆಯೋ ಆದ 7 ದಿನದೊಳಗೆ, ಅದರ ಕಾರಣದಿಂದಲೇ ಆದ ಕಳವು. ಬೇರೆ ಯಾವ ದಿನದ ಕಳವೂ ಅದರಲ್ಲಿಲ್ಲ. ಬ್ಯಾಂಕಿನವರು ಗೃಹಸಾಲದ ಜೊತೆ ಮಾಡಿಸಿದ ಪಾಲಿಸಿ ನಿಮ್ಮ ಹತ್ತಿರ ಇದ್ದರೆ ತೆಗೆದು ನೋಡಿ. ಬರ್ಗ್ಲರಿ ಬೇಕೆಂದರೆ ಬೇರೆಯಾಗಿ ಸೇರಿಸಿಕೊಳ್ಳಬೇಕು.

ಹಾಗಾದರೆ ಸೈಕಲ್‌ಗೆ ಏನು ತೆಗೆದುಕೊಳ್ಳಬೇಕು? ಹಳೆಯ ಹೌಸ್‌ಹೋಲ್ಡರ್ ಪಾಲಿಸಿಗಳಲ್ಲಿ ‘ಪೆಡಲ್ ಸೈಕಲ್’ ಅಂತಲೇ ಒಂದು ವಿಭಾಗ ಇದೆ, ಕೇಳಿದವರಿಗೆ ಮಾತ್ರ ಸಿಗುತ್ತದೆ. ಅದರಲ್ಲಿ ಸಾಮಾನ್ಯ ಕಳವು, ಅಪಘಾತದ ಹಾನಿ, ಮೂರನೆಯವರಿಗೆ ಕೊಡಬೇಕಾದ ಪರಿಹಾರ ಎಲ್ಲ ಸೇರುತ್ತದೆ. ಸೈಕಲ್‌ಗೆಂದೇ ಮಾಡಿದ ವರ್ಷದ ಪಾಲಿಸಿಗಳೂ ಇವೆ, ಕೆಲವೊಮ್ಮೆ ಮಾರುವಾಗಲೇ ಜೊತೆಗೆ ಕೊಡುತ್ತಾರೆ. ಎರಡರಲ್ಲೂ ನೋಡಬೇಕಾದ ಪದ ಕಳವು. ಅದು ಬರ್ಗ್ಲರಿ ಅಂತ ಮಾತ್ರ ಇದೆಯೋ, ಥೆಫ್ಟ್ ಅಂತ ಬಿಡಿಯಾಗಿ ಇದೆಯೋ, ಮನೆಯ ಹೊರಗಿದ್ದಾಗಲೂ ನಡೆಯುತ್ತದೋ. ಎಷ್ಟೋ ಕಡೆ ಕದಲದ ವಸ್ತುವಿಗೆ, ಅಂದರೆ ಕಂಬಕ್ಕೋ ಗ್ರಿಲ್‌ಗೋ ಸೇರಿಸಿ ಬೀಗ ಹಾಕಿರಬೇಕು ಅನ್ನುವ ಷರತ್ತು ಇರುತ್ತದೆ. ಚಕ್ರಕ್ಕೂ ಫ್ರೇಮಿಗೂ ಮಾತ್ರ ಹಾಕಿದ ಬೀಗ ಅದಕ್ಕೆ ಸಾಲದು. ಮೀಟರ್, ಲೈಟು, ಕಾಲಿನ ಬಲ ಅಳೆಯುವ ಪವರ್ ಪೆಡಲ್‌ನಂಥ ಬಿಡಿಭಾಗ ಮಾತ್ರ ಹೋದರೆ ಸಾಮಾನ್ಯವಾಗಿ ಬರುವುದಿಲ್ಲ, ಸೈಕಲ್ ಜೊತೆಗೇ ಹೋಗಿರಬೇಕು.

ರೇಸ್ ಅನ್ನುವ ಪದವನ್ನೂ ಒಮ್ಮೆ ಕೇಳಿಕೊಳ್ಳಿ. ರೇಸಿನಲ್ಲಿ ಆದ ಹಾನಿಗೆ ಪಾಲಿಸಿ ಇಲ್ಲ ಅಂತ ಬರೆದಿರುತ್ತಾರೆ. ಹೆದ್ದಾರಿ 48ರಲ್ಲಿ ಚಿತ್ರದುರ್ಗದ ಕಡೆ ಬ್ರೆವೆ, ಅಂದರೆ ಗೊತ್ತುಮಾಡಿದ ಸಮಯದೊಳಗೆ ಮುಗಿಸುವ ದೂರದ ಸವಾರಿ, ಮಾಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. 200 ಕಿ.ಮೀ. ಅನ್ನು ಹದಿಮೂರೂವರೆ ಗಂಟೆಯಲ್ಲಿ ಮುಗಿಸಬೇಕು ಅನ್ನುವುದು ಸಮಯದ ಮಿತಿ ಅಷ್ಟೇ, ಅಲ್ಲಿ ಮೊದಲು ಎರಡನೆಯದು ಅಂತ ಸ್ಥಾನ ಕೊಡುವುದಿಲ್ಲ. ಆದರೆ ನಷ್ಟ ಪರಿಶೀಲಿಸಲು ಬರುವ ಸರ್ವೆಯರ್ ನಿಮ್ಮ ಎದೆಯ ಮೇಲಿನ ನಂಬರು ನೋಡಿ ರೇಸ್ ಅಂದುಬಿಟ್ಟರೆ ವಾದ ಮಾಡುವುದು ಕಷ್ಟ.

ಇನ್ನು ಮೊತ್ತ. ಪ್ರೀಮಿಯಂ ಉಳಿಸಲು ಕಡಿಮೆ ಬೆಲೆ ಬರೆಸುವುದು ದೊಡ್ಡ ತಪ್ಪು. ಆವರೇಜ್ ಷರತ್ತು ಇರುವ ಪಾಲಿಸಿಯಲ್ಲಿ ಅದು ಹೀಗೆ ಹೊಡೆಯುತ್ತದೆ: ಸೈಕಲ್ ಬೆಲೆ 2,00,000 ರೂಪಾಯಿ, ನೀವು ಬರೆಸಿದ್ದು 1,20,000. ಬಿದ್ದು ಕಾರ್ಬನ್ ಫೋರ್ಕ್, ಚಕ್ರ ಹೋಗಿ 50,000 ಖರ್ಚು ಬಂತು. ಬರೆಸಿದ ಮೊತ್ತದೊಳಗೇ ಇದೆಯಲ್ಲ, ಪೂರ್ತಿ ಬರುತ್ತೆ ಅಂದುಕೊಂಡರೆ ಇಲ್ಲ. ಬೆಲೆಯ ಶೇ. 60ಕ್ಕೆ ಮಾತ್ರ ವಿಮೆ ಮಾಡಿಸಿದ್ದೀರಿ, ಆದ್ದರಿಂದ ನಷ್ಟದ ಶೇ. 60, ಅಂದರೆ 30,000. ಅದರಲ್ಲೂ ಮೊದಲ ಇಷ್ಟು ನಿಮ್ಮದು ಅಂತ ಎಕ್ಸೆಸ್ ಕಳೆಯುತ್ತಾರೆ. ಹಳತಾದಂತೆ ಸವಕಳಿ ಕಳೆಯುತ್ತಾರೋ, ಹೊಸದರ ಬೆಲೆ ಕೊಡುತ್ತಾರೋ ಅನ್ನುವುದೂ ಬರೆದಿರುತ್ತದೆ.

ಇವತ್ತೇ ಮಾಡಬಹುದಾದ ಒಂದು ಕೆಲಸ ಇದೆ. ಸೈಕಲ್ ತಲೆಕೆಳಗು ಮಾಡಿ, ಪೆಡಲ್ ಕ್ರ್ಯಾಂಕ್ ಸೇರುವ ಜಾಗದ ಅಡಿ ನೋಡಿ. ಅಲ್ಲಿ ಗ್ರೀಸೂ ಎರೆಮಣ್ಣೂ ಸೇರಿ ಗಟ್ಟಿಯಾಗಿ ಅಂಟಿರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ. ಫ್ರೇಮ್ ನಂಬರ್ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಲೋಹದ ಫ್ರೇಮಿನಲ್ಲಿ ಒತ್ತಿ ಕೆತ್ತಿರುತ್ತಾರೆ, ಕಾರ್ಬನ್‌ನಲ್ಲಿ ಹೆಚ್ಚಾಗಿ ಪಾರದರ್ಶಕ ಲೇಪದ ಕೆಳಗೆ ಸ್ಟಿಕರ್ ಇರುತ್ತದೆ. ಫೋಟೋ ತೆಗೆದುಕೊಳ್ಳಿ. ಆ ನಂಬರ್ ನಿಮ್ಮ ಬಿಲ್‌ನಲ್ಲಿ ಇಲ್ಲದಿದ್ದರೆ ಅಂಗಡಿಯವರ ಹತ್ತಿರ ಬರೆಸಿ ಸೀಲ್ ಹಾಕಿಸಿ, ಪಾಲಿಸಿಯಲ್ಲೂ ಬರೆಸಿ. ಆರ್‌ಸಿ ಇಲ್ಲದ ವಾಹನಕ್ಕೆ ಇದೊಂದೇ ಗುರುತು.

ಕಳುವಾದರೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ನಡೆದ ಜಾಗ ಅವರ ವ್ಯಾಪ್ತಿಯದಲ್ಲ ಅಂತ ವಾಪಸ್ ಕಳಿಸುವಂತಿಲ್ಲ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಅದಕ್ಕೇ ಇದೆ. ಎಫ್‌ಐಆರ್‌ನಲ್ಲಿ ನಡೆದದ್ದು ನಡೆದ ಹಾಗೆ ಬರಲಿ. ಬಾಗಿಲು ಮುರಿದಿದ್ದರೆ ಮುರಿದ ಡಾಬಿನ ಫೋಟೋ ತೆಗೆದ ಮೇಲೆಯೇ ರಿಪೇರಿ ಮಾಡಿಸಿ, ಯಾಕೆಂದರೆ ಕನ್ನ ಅಂತ ತೋರಿಸಲು ನಿಮ್ಮ ಹತ್ತಿರ ಇರುವ ಸಾಕ್ಷಿ ಅದೇ. ಮುರಿಯದ ಬಾಗಿಲನ್ನು ಮುರಿದದ್ದು ಅಂತ ಬರೆಸಲು ಹೋಗಬೇಡಿ, ಸರ್ವೆಯರ್ ಮೊದಲು ಮುಟ್ಟಿ ನೋಡುವುದೇ ಚಿಲಕವನ್ನು.

ಪಾಲಿಸಿ ತೆಗೆದುಕೊಳ್ಳುವ ಮುಂಚೆ ಕಂಪನಿಗೆ ಒಂದು ಮೇಲ್ ಹಾಕಿ, ಕನ್ನಡದಲ್ಲೇ ಹಾಕಿದರೂ ನಡೆಯುತ್ತದೆ: ‘ಹೋಟೆಲ್ ಮುಂದೆ ಕಂಬಕ್ಕೆ ಬೀಗ ಹಾಕಿ ನಿಲ್ಲಿಸಿದ ನನ್ನ ಸೈಕಲನ್ನು ಬೀಗ ಕತ್ತರಿಸಿ ಒಯ್ದರೆ ಈ ಪಾಲಿಸಿಯಲ್ಲಿ ಪರಿಹಾರ ಸಿಗುತ್ತದೆಯೇ? ಮನೆ ಕಾಂಪೌಂಡಿನಿಂದ ಒಯ್ದರೆ?’ ಹೌದು ಅಂತ ಉತ್ತರ ಬಂದರೆ ಅದನ್ನು ಪಾಲಿಸಿಯ ಜೊತೆಗೇ ಇಟ್ಟುಕೊಳ್ಳಿ. ಮುಂದೆ ಕ್ಲೇಮ್ ತಿರಸ್ಕರಿಸಿದರೆ ವಿಮೆಯ ದೂರು ವಿಚಾರಿಸುವ ಓಂಬುಡ್ಸ್‌ಮನ್ ಮುಂದೆಯೋ ಜಿಲ್ಲಾ ಗ್ರಾಹಕರ ಆಯೋಗದ ಮುಂದೆಯೋ ಇಡಲು ಅದು ಬೇಕಾಗುತ್ತದೆ. ‘ಬರ್ಗ್ಲರಿ ಕವರ್ ಇದೆ ಸರ್’ ಅಂತಷ್ಟೇ ಉತ್ತರ ಬಂದರೆ ಆ ಪಾಲಿಸಿ ಬೇಡ, ಪೆಡಲ್ ಸೈಕಲ್ ವಿಭಾಗ ಕೊಡುವವರನ್ನು ಹುಡುಕಿ.