ದೂರದ ಮೂಲನಿವಾಸಿ ಸಮುದಾಯಗಳಿಗೆ ಒಗ್ಗುವ ಆರೋಗ್ಯ ಕೇಂದ್ರ: ಅಧ್ಯಯನ ಟಿಪ್ಪಣಿ

ಆಸ್ಟ್ರೇಲಿಯಾದ ದೂರದ ಮೂಲನಿವಾಸಿ ಸಮುದಾಯಗಳ ಆರೋಗ್ಯ ಕೇಂದ್ರಗಳನ್ನು ಕುರಿತು ಓದುವವರು ಮೊದಲು 1989ರ ರಾಷ್ಟ್ರೀಯ ಮೂಲನಿವಾಸಿ ಆರೋಗ್ಯ ಕಾರ್ಯನೀತಿಯನ್ನು ಗಮನಿಸಬೇಕು. ಅದರ ಪ್ರಕಾರ ಆರೋಗ್ಯವೆಂಬುದು ಒಬ್ಬ ವ್ಯಕ್ತಿಯ ದೇಹಸ್ಥಿತಿಯಷ್ಟೇ ಅಲ್ಲ. ಇಡೀ ಸಮುದಾಯದ ಸಾಮಾಜಿಕ, ಭಾವನಾತ್ಮಕ ಮತ್ತು ಸಾಂಸ್ಕೃತಿಕ ಕ್ಷೇಮವೂ ಅದರಲ್ಲಿ ಸೇರಿದೆ. ಇದನ್ನು ಒಪ್ಪಿದ ಮೇಲೆ, ಗೋಡೆಗೆ ಮೂಲನಿವಾಸಿ ಚಿತ್ರಗಳನ್ನು ಬರೆಸಿ ಕೆಲಸ ಮುಗಿಯಿತೆನ್ನಲು ಬರುವುದಿಲ್ಲ.

ಕಟ್ಟಡದ ನಕ್ಷೆಯೇ ರೋಗಿಯನ್ನು ಹೊರಗಿಡಬಲ್ಲದು. ಅನೇಕ ಸಮುದಾಯಗಳಲ್ಲಿ ಅತ್ತೆ ಮತ್ತು ಅಳಿಯ ಎದುರುಬದುರು ಕೂರುವಂತಿಲ್ಲ, ನೇರವಾಗಿ ಮಾತನಾಡುವಂತಿಲ್ಲ; ಅದು ಪರಸ್ಪರ ಗೌರವದ ಕಟ್ಟುಪಾಡು. ಒಂದೇ ಬಾಗಿಲು, ಒಂದೇ ಇಕ್ಕಟ್ಟಾದ ಕೊಠಡಿ ಇರುವಲ್ಲಿ ಇಬ್ಬರೂ ಒಟ್ಟಿಗೆ ಬಂದರೆ ಒಬ್ಬರು ಚಿಕಿತ್ಸೆ ಪಡೆಯದೆ ಹಿಂತಿರುಗಬೇಕಾಗುತ್ತದೆ, ಮತ್ತು ಅದನ್ನು ರೋಗಿಯ ನಿರ್ಲಕ್ಷ್ಯವೆಂದು ಬರೆದುಕೊಳ್ಳುವುದು ಅನ್ಯಾಯ. ಗಂಡಸರ ಮತ್ತು ಹೆಂಗಸರ ಆರೋಗ್ಯ ವಿಚಾರಗಳನ್ನು ಬೇರೆಬೇರೆಯಾಗಿ ಇಡುವ ಪದ್ಧತಿಯೂ ಇರುವುದರಿಂದ ಪ್ರತ್ಯೇಕ ಪ್ರವೇಶದ್ವಾರಗಳು, ಬಂಧುಗಳ ಗುಂಪು ಕೂರಲು ನೆರಳಿರುವ ಬಯಲು ಜಾಗ, ಒಳಗಿನಿಂದ ಸುತ್ತಲಿನ ನೆಲ ಕಾಣುವ ಕಿಟಕಿಗಳು ಅಲಂಕಾರವಲ್ಲ, ಅಗತ್ಯಗಳು. ಸಾವು ಸಂಭವಿಸಿದ ಕೋಣೆಯನ್ನು ಎಲೆಗಳ ಹೊಗೆಯಿಂದ ಶುದ್ಧಗೊಳಿಸುವ ಆಚರಣೆ ಇರುವ ಕಡೆ, ಗಾಳಿಯಾಡುವ ವ್ಯವಸ್ಥೆಯನ್ನೂ ಬೆಂಕಿಯ ಎಚ್ಚರಿಕೆ ಗಂಟೆಯನ್ನೂ ಅದಕ್ಕೆ ತಕ್ಕಂತೆ ಮೊದಲೇ ಯೋಜಿಸಬೇಕು.

ಆದರೆ ಇವೆಲ್ಲವನ್ನೂ ನಿರ್ಧರಿಸುವವರು ಯಾರು ಎಂಬುದೇ ನನ್ನ ದೃಷ್ಟಿಯಲ್ಲಿ ಮುಖ್ಯ ಪ್ರಶ್ನೆ. 1971ರಲ್ಲಿ ಸಿಡ್ನಿಯ ರೆಡ್‌ಫರ್ನ್‌ನಲ್ಲಿ ಮೂಲನಿವಾಸಿಗಳೇ ನಡೆಸುವ ಮೊದಲ ವೈದ್ಯಕೀಯ ಸೇವೆ ಆರಂಭವಾಯಿತು. ಮರುಭೂಮಿಯಲ್ಲಿ ಈ ತತ್ವದ ಬಲ ಕಾಣುವುದು ಕಿಂಟೋರ್ ಎಂಬ ದೂರದ ಊರಿನಲ್ಲಿ. ಮೂತ್ರಪಿಂಡ ವಿಫಲವಾದವರಿಗೆ ಸಾಮಾನ್ಯವಾಗಿ ವಾರಕ್ಕೆ 3 ಬಾರಿ ಡಯಾಲಿಸಿಸ್ ಬೇಕು. ಅದಕ್ಕಾಗಿ ಅಲ್ಲಿನ ಪಿಂಟುಪಿ ಎಂಬ ಮೂಲನಿವಾಸಿ ಜನರ ಹಿರಿಯರು 500 ಕಿಲೋಮೀಟರಿಗೂ ಹೆಚ್ಚು ದೂರದ ಆಲಿಸ್ ಸ್ಪ್ರಿಂಗ್ಸ್‌ಗೆ ಹೋಗಿ ನೆಲೆಸಬೇಕಿತ್ತು. ಹಿರಿಯರು ಊರು ಬಿಟ್ಟರೆ ಮಕ್ಕಳಿಗೆ ವಿಧಿ, ಹಾಡು, ನೆಲದ ಕಥೆಗಳನ್ನು ಕಲಿಸುವವರೂ ಊರು ಬಿಟ್ಟಂತೆಯೇ. ಆದ್ದರಿಂದ 2000ದಲ್ಲಿ ಕಲಾವಿದರು ತಮ್ಮ ಚಿತ್ರಗಳನ್ನು ಸಿಡ್ನಿಯಲ್ಲಿ ಹರಾಜಿಗಿಟ್ಟು 10 ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿಸಿದರು; 2004ರಲ್ಲಿ ಕಿಂಟೋರ್‌ನಲ್ಲೇ ಡಯಾಲಿಸಿಸ್ ಆರಂಭವಾಯಿತು. ಈ ಪ್ರಯತ್ನದಿಂದ ಹುಟ್ಟಿ ಇಂದು ಪರ್ಪಲ್ ಹೌಸ್ ಎಂದು ಹೆಸರಾದ ಸಂಸ್ಥೆ ಹಲವು ದೂರದ ಊರುಗಳಲ್ಲಿ ಸೇವೆ ನೀಡುತ್ತಿದೆ. ಅತಿ ದೂರದ ಊರುಗಳ ಡಯಾಲಿಸಿಸ್‌ಗೆ ಸರ್ಕಾರದ ಮೆಡಿಕೇರ್ ವಿಮೆಯಿಂದ ಹಣ ದೊರೆಯತೊಡಗಿದ್ದು 2018ರಲ್ಲಿ. ಸಮುದಾಯ ಮೊದಲು ಮಾಡಿ ತೋರಿಸಿತು, ಸರ್ಕಾರ ಆಮೇಲೆ ಕೈಜೋಡಿಸಿತು. ಈ ಅನುಕ್ರಮವನ್ನು ಮರೆಯಬಾರದು.

ಸಿಬ್ಬಂದಿಯ ವಿಷಯದಲ್ಲಿ, ಮೂಲನಿವಾಸಿ ಆರೋಗ್ಯ ವೃತ್ತಿಗರಿಗೆ 2012ರಿಂದ ರಾಷ್ಟ್ರೀಯ ನೋಂದಣಿ ಇದೆ. ಸ್ಥಳೀಯ ಭಾಷೆಯ ದುಭಾಷಿ ಇಲ್ಲದೆ ಪಡೆದ ಒಪ್ಪಿಗೆಯನ್ನು ನಿಜವಾದ ಒಪ್ಪಿಗೆ ಎನ್ನುವುದು ಕಷ್ಟ.

ಆರೋಗ್ಯ ಕೇಂದ್ರವನ್ನು ಮನೆಗಳಿಂದ ಬೇರ್ಪಡಿಸಿ ಓದುವುದೂ ಸರಿಯಲ್ಲ. ದಕ್ಷಿಣ ಆಸ್ಟ್ರೇಲಿಯಾದ ಅನಂಗು ಎಂಬ ಮೂಲನಿವಾಸಿ ಜನರ ಸಮುದಾಯಗಳಲ್ಲಿ ನಡೆದ 1987ರ ಅಧ್ಯಯನವು ಮನೆಯಲ್ಲಿ ಮಗುವಿಗೆ ಸ್ನಾನ ಮಾಡಿಸಲು, ಬಟ್ಟೆ ಒಗೆಯಲು, ಕೊಳಚೆ ನೀರು ಹರಿದುಹೋಗಲು ಅನುಕೂಲವಿದೆಯೇ ಎಂಬುದನ್ನೇ ಆರೋಗ್ಯದ ಬುನಾದಿಯಾಗಿ ಗುರುತಿಸಿತು. ನಲ್ಲಿ ಕೆಟ್ಟಿರುವ ಮನೆಗೆ ಮರಳುವ ಮಗುವಿನ ಚರ್ಮದ ಸೋಂಕೂ ಟ್ರಕೋಮ ಎಂಬ ಕಣ್ಣಿನ ಸೋಂಕೂ ಕೇಂದ್ರದ ಔಷಧಿಯೊಂದರಿಂದಲೇ ನಿಲ್ಲುವುದಿಲ್ಲ. ಆದ್ದರಿಂದ ಹೊಸ ಕೇಂದ್ರದ ಅಂದಾಜುಪಟ್ಟಿಯ ಜೊತೆಗೇ ಮನೆಗಳ ಕೊಳಾಯಿ ದುರಸ್ತಿಯ ಹಣವನ್ನೂ ಕೇಳಬೇಕು.